ಕೊಟ್ಟಿಗೆಯ ಮೇಲೆ ಚಾಚಿದ ಅಪ್ಪೆಮಿಡಿ ಮರ: ಎಲ್ಲಿ ಕಡಿಯಲಿ?

ತೀರ್ಥಹಳ್ಳಿ ಕಡೆಯವನು:
ಅಜ್ಜನ ಕಾಲದ ಅಪ್ಪೆಮಿಡಿ ಮರ, ಉಪ್ಪಿನಕಾಯಿ ಮಿಡಿಯ ಮಾವು. ಎರಡಾಳೆತ್ತರದಲ್ಲಿ ಕವಲೊಡೆದಿದೆ, ಒಂದು ಕವಲು ಕೊಟ್ಟಿಗೆಯ ಹೆಂಚಿನ ಮೇಲೆ ಚಾಚಿದೆ. ಕಳೆದ ಮಳೆಗಾಲದಲ್ಲಿ ಅದರದೇ ತೋಳಿನಷ್ಟು ದಪ್ಪದ ಕೊಂಬೆ ಮುರಿದು ಬಿತ್ತು. ದನಗಳಿಗೆ ಏನೂ ಆಗಲಿಲ್ಲ, ಪುಣ್ಯ. ಮರ ಕಡಿಯುವವರು ‘ನೆತ್ತಿ ಬೋಳಿಸಿಬಿಡೋಣ’ ಎನ್ನುತ್ತಾರೆ. ಮಿಡಿ ಕಳೆದುಕೊಳ್ಳಲು ಅಮ್ಮನಿಗೆ ಮನಸ್ಸಿಲ್ಲ.

ಸಾಗರದ ತೋಟಿಗ:
ಬೋಳಿಸಲು ಮಾತ್ರ ಒಪ್ಪಬೇಡಿ ಮಾರಾಯರೇ. ಹಲಸಿನ ಮರಕ್ಕೆ ಹಾಗೆ ಮಾಡಿಸಿ ಕೆಟ್ಟವನು ನಾನು. ಕಡಿದಲ್ಲಿ ಪೊರಕೆಯಂತೆ ಚಿಗುರೆದ್ದಿತು, ಮೊಂಡು ಒಳಗಿನಿಂದ ಕೊಳೆಯಿತು. ನಾಲ್ಕನೇ ವರ್ಷ ಆಷಾಢದ ಗಾಳಿಗೆ ಆ ಚಿಗುರುಗಳೆಲ್ಲ ಬುಡಸಮೇತ ಕಿತ್ತು ಬಂದವು. ಮೊದಲು ಏಣಿಯಿಟ್ಟು ಕವಲಿನ ಸಂದು ನೋಡಿ. ತೊಗಟೆ ಏರಿಯಂತೆ ಮೇಲಕ್ಕೆ ಉಬ್ಬಿದ್ದರೆ ಒಳಗೆ ಬೆಸುಗೆ ಗಟ್ಟಿ. ಒಳಕ್ಕೆ ಮಡಚಿಕೊಂಡಿದ್ದರೆ ಎರಡೂ ಒತ್ತಿಕೊಂಡು ನಿಂತಿವೆ, ಕೂಡಿಕೊಂಡಿಲ್ಲ.

ತೀರ್ಥಹಳ್ಳಿ ಕಡೆಯವನು:
ತೊಗಟೆ ಒಳಕ್ಕೇ ಹೋಗಿದೆ. ಕೆಳಗೆ ಗೇಣುದ್ದ ಸೀಳು. ಹಳೆಯ ಲಗ್ನಪತ್ರಿಕೆಯೊಂದನ್ನು ಅದರೊಳಗೆ ತೂರಿಸಿ ಕಾದೆ. ಗಾಳಿ ನಿಂತಾಗ ಎಳೆದರೂ ಬರಲಿಲ್ಲ; ಬೀಸಿದಾಗ ತಾನಾಗಿ ಜಾರಿತು. ತುದಿಯಲ್ಲಿ ಮರದ ರಸ ಹೀರುವ ಬಂದಳಿಕೆ ಗಿಡವೂ ಇದೆ. ತಂತಿ ಸುತ್ತಿ ಬಿಗಿದರೆ?

ಸಾಗರದ ತೋಟಿಗ:
ಸುತ್ತಿದ ತಂತಿ ಮರ ದಪ್ಪವಾದಂತೆ ತೊಗಟೆಯೊಳಗೆ ಇಳಿದು ಕತ್ತು ಹಿಸುಕುತ್ತದೆ. ಕೆಲಸದ ದಿನದ ಮಟ್ಟಿಗೆ ದಪ್ಪ ಹಗ್ಗದಿಂದ ಎರಡೂ ಕವಲನ್ನು ಸೇರಿಸಿ ಬಿಗಿಯಿರಿ. ಹತ್ತುವವರ ಸೊಂಟದ ಹಗ್ಗ ಮಾತ್ರ ಈ ಮರದಲ್ಲಿ ಬೇಡ, ಪಕ್ಕದ ಗಟ್ಟಿ ಮರಕ್ಕಿರಲಿ.

ಸೀಳನ್ನು ಎಳೆಯುತ್ತಿರುವುದು ತುದಿಯ ಭಾರ. ಬಂದಳಿಕೆ ಹಿಡಿದ ಕೊಂಬೆಗಳಿಂದ ಶುರುಮಾಡಿ, ಕೊಟ್ಟಿಗೆ ಕಡೆಯ ಕವಲನ್ನು ಹೊರಗಿನಿಂದ ಮೋಟು ಮಾಡುತ್ತ ಬನ್ನಿ. ಪ್ರತಿ ಸಲವೂ ಪಕ್ಕದ ಕೊಂಬೆ ಹೊರಡುವ ಜಾಗಕ್ಕೇ ಕಡಿಯಬೇಕು. ಉಳಿಯುವ ಕೊಂಬೆ ಕಡಿದದ್ದರ ಮೂರರಲ್ಲೊಂದು ದಪ್ಪವಾದರೂ ಇರಲಿ. ಒಳಗಿನ ಸಣ್ಣ ಕೊಂಬೆಗಳನ್ನು ಸವರಿದರೆ ತುದಿಯಲ್ಲಷ್ಟೇ ಎಲೆ ಉಳಿದು ಓಲಾಟ ಹೆಚ್ಚುತ್ತದೆ. ಒಟ್ಟು ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ಈ ವರ್ಷ ಬೇಡ.

ದಪ್ಪ ಕೊಂಬೆಗೆ ಮೊದಲು ಕೆಳಗಿನಿಂದ ಗರಗಸ, ಆಮೇಲೆ ತುಸು ಆಚೆ ಮೇಲಿನಿಂದ. ಇಲ್ಲವಾದರೆ ತೊಗಟೆ ಕಾಂಡದವರೆಗೆ ಸುಲಿದು ಬರುತ್ತದೆ. ಕೊನೆಗೆ ಬುಡದ ಉಬ್ಬನ್ನು ಉಳಿಸಿ ಮೊಂಡು ತೆಗೆಯಿರಿ. ಅಡಿಕೆಯ ಕೊಳೆರೋಗಕ್ಕೆಂದು ಹೇಗೂ ಮೈಲುತುತ್ತ (ತಾಮ್ರದ ಸಲ್ಫೇಟ್) ತಂದಿರುತ್ತೀರಿ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರಿನ ಮುಲಾಮು ಮಾಡಿ ಗಾಯಕ್ಕೆ ಬಳಿಯಿರಿ. ಅಡಿಕೆಗೆ ಹೊಡೆಯುವ 100 ಲೀಟರಿನ ಹದ ಇದಕ್ಕೆ ಬರೀ ನೀರು.

ತೀರ್ಥಹಳ್ಳಿ ಕಡೆಯವನು:
ಮಿಡಿ ಕೊಯ್ಲು ನಾಡಿದ್ದು, ಅದರ ಮರುದಿನವೇ ಗರಗಸ. ದನಗಳನ್ನು ಇವತ್ತೇ ಆಚೆ ಬದಿಗೆ ಕಟ್ಟಿದ್ದೇನೆ.