ಲೂಪಸ್ ಇರುವ ತಂಗಿಗೆ ಯು1 ಆರ್‌ಎನ್‌ಪಿ ಪಾಸಿಟಿವ್, ಎಕೋದಲ್ಲಿ ಒತ್ತಡ 42: ಇವೆರಡಕ್ಕೂ ಸಂಬಂಧವಿದೆಯೇ?

ಪ್ರಶ್ನೆ (ಗದಗಿನಿಂದ)

ನನ್ನ ತಂಗಿಗೆ 31 ವರ್ಷ, ಮದುವೆಯಾಗಿ 2 ವರ್ಷ. 6 ವರ್ಷಗಳಿಂದ ಲೂಪಸ್ (ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೆಯೇ ತಿರುಗಿಬೀಳುವ ಕಾಯಿಲೆ) ಇದ್ದು, ಹೈಡ್ರಾಕ್ಸಿಕ್ಲೋರೋಕ್ವಿನ್ ಮತ್ತು ಅಲ್ಪ ಪ್ರಮಾಣದ ಸ್ಟಿರಾಯ್ಡ್‌ನಿಂದ ಕೀಲುನೋವು ಹತೋಟಿಯಲ್ಲಿದೆ. ಆದರೆ ದೀಪಾವಳಿಯಿಂದೀಚೆಗೆ ಮಾಳಿಗೆಯ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರುತ್ತಿದೆ. ರಕ್ತ ಕಡಿಮೆಯಾಗಿರಬೇಕೆಂದು 3 ತಿಂಗಳು ಕಬ್ಬಿಣಾಂಶದ ಗುಳಿಗೆ ನುಂಗಿದಳು; ಹಿಮೋಗ್ಲೋಬಿನ್ ಏರಿತು, ಏದುಸಿರು ಮಾತ್ರ ಇಳಿಯಲಿಲ್ಲ. ಹುಬ್ಬಳ್ಳಿಯಲ್ಲಿ ಮಾಡಿಸಿದ ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯದ ಬಲಭಾಗದ ಒತ್ತಡ 42 ಎಂದು ಬಂದಿದೆ. ರಕ್ತದ ಪ್ರತಿಕಾಯ ಪರೀಕ್ಷೆಗಳಲ್ಲಿ ಡಿಎಸ್-ಡಿಎನ್‌ಎ ನೆಗೆಟಿವ್, ಯು1 ಆರ್‌ಎನ್‌ಪಿ ಜೋರಾಗಿ ಪಾಸಿಟಿವ್, ಕಾರ್ಡಿಯೋಲಿಪಿನ್ ಸ್ವಲ್ಪ ಪಾಸಿಟಿವ್. ಡಿಎಸ್-ಡಿಎನ್‌ಎ ಇಲ್ಲವೆಂದರೆ ರೋಗ ಶಾಂತವಾಗಿದೆ ಎಂದು ನಾವು ತಿಳಿದಿದ್ದೆವು. ಈಗ ಹೃದಯಕ್ಕೆ ಕ್ಯಾತಿಟರ್ (ರಕ್ತನಾಳದ ಮೂಲಕ ತೂರಿಸುವ ತೆಳ್ಳನೆಯ ನಳಿಕೆ) ಹಾಕಬೇಕೆಂದು ವೈದ್ಯರು ಹೇಳುತ್ತಿದ್ದಾರೆ, ಮನೆಯವರೆಲ್ಲ ಹೆದರಿದ್ದಾರೆ. ಅದು ನಿಜಕ್ಕೂ ಬೇಕೇ?

ಉತ್ತರ 1 (ಧಾರವಾಡ, ಪೆಥಾಲಜಿಯ ನಿವೃತ್ತ ಅಧ್ಯಾಪಕ)

ಡಿಎಸ್-ಡಿಎನ್‌ಎ ನೆಗೆಟಿವ್ ಎಂಬ ಸಮಾಧಾನ ಮೂತ್ರಪಿಂಡದ ಮಟ್ಟಿಗೆ ಅಷ್ಟಿಷ್ಟು ಸರಿ. ಶ್ವಾಸಕೋಶದ ರಕ್ತನಾಳಗಳ ಬಗ್ಗೆ ಅದು ಯಾವ ಭರವಸೆಯನ್ನೂ ಕೊಡುವುದಿಲ್ಲ. ಲೂಪಸ್‌ನಲ್ಲಿ ದೇಹವು ತನ್ನ ವಿರುದ್ಧವೇ ಹುಟ್ಟಿಸುವ ಪ್ರತಿಕಾಯಗಳು ಹಲವು, ಒಂದೊಂದರ ಒಲವು ಒಂದೊಂದು ಕಡೆಗೆ. ಯು1 ಆರ್‌ಎನ್‌ಪಿ ಎಂಬುದು ಜೀವಕೋಶದ ಕೇಂದ್ರದಲ್ಲಿ ಆರ್‌ಎನ್‌ಎಯನ್ನು ಕತ್ತರಿಸಿ ಜೋಡಿಸುವ ವ್ಯವಸ್ಥೆಯ ಒಂದು ಭಾಗ. ಅದರ ವಿರುದ್ಧದ ಪ್ರತಿಕಾಯವು ಪಲ್ಮನರಿ ಒತ್ತಡ (ಶ್ವಾಸಕೋಶದ ಅಪಧಮನಿಗಳಲ್ಲಿನ ರಕ್ತದ ಒತ್ತಡ) ಏರಿದ ಲೂಪಸ್ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಾಣಿಸುತ್ತದೆ ಎಂಬುದು ಹಲವು ಅಧ್ಯಯನಗಳಲ್ಲಿ ಕಂಡುಬಂದಿದೆ. ರೇನೋ ಎಂಬ ತೊಂದರೆಯೂ ಅದರ ಜೊತೆಗಾರ: ತಣ್ಣೀರಿನಲ್ಲಿ ಪಾತ್ರೆ ತೊಳೆಯುವಾಗ ಬೆರಳುಗಳು ಬೆಳ್ಳಗಾಗಿ, ನೀಲಿಗಟ್ಟಿ, ಆಮೇಲೆ ಕೆಂಪಾಗುವುದುಂಟೇ? ನಮ್ಮ ಧಾರವಾಡದ ಡಿಸೆಂಬರ್ ಮುಂಜಾವಿನಲ್ಲಿ ಇದನ್ನು ಥಂಡಿಯೆಂದು ತಳ್ಳಿಹಾಕುವವರೇ ಹೆಚ್ಚು. ತಂಗಿಯನ್ನು ಕೇಳಿ ನೋಡಿ.

ಹಾಗೆಂದು ಈ ಪ್ರತಿಕಾಯ ಇರುವವರಲ್ಲಿ ಹೆಚ್ಚಿನವರಿಗೆ ಪಲ್ಮನರಿ ಒತ್ತಡ ಏರುವುದೇ ಇಲ್ಲ. ವರದಿಯಲ್ಲಿ ಪಾಸಿಟಿವ್ ಎಂದು ಬಂದ ಮಾತ್ರಕ್ಕೆ ರೋಗನಿರ್ಣಯವಾಗದು. ಏದುಸಿರು ಮತ್ತು ಎಕೋ ಅದರ ಜೊತೆ ಸೇರಿರುವುದರಿಂದಲೇ ನಿಮ್ಮ ವೈದ್ಯರು ಮುಂದಿನ ಪರೀಕ್ಷೆಯ ಮಾತೆತ್ತಿದ್ದಾರೆ.

ಉತ್ತರ 2 (ಹುಬ್ಬಳ್ಳಿ, ವೈದ್ಯ)

42 ಎಂಬ ಅಂಕಿಯ ಬಗ್ಗೆ ಒಂದು ಗೊಂದಲ ಸಾಮಾನ್ಯ. ಅದು ಹೃದಯ ಸಂಕುಚಿಸಿದಾಗಿನ ಒತ್ತಡದ ಅಂದಾಜು. ಕವಾಟದಿಂದ ಹಿಂದಕ್ಕೆ ಸೋರುವ ರಕ್ತದ ವೇಗದಿಂದ ಎಕೋ ಯಂತ್ರ ಅದನ್ನು ಲೆಕ್ಕ ಹಾಕುತ್ತದೆ. ರೋಗನಿರ್ಣಯದ ಗೆರೆಯಾದರೋ ಸರಾಸರಿ ಒತ್ತಡದ್ದು. 2022ರ ಯುರೋಪಿನ ಮಾರ್ಗಸೂಚಿಯ ಪ್ರಕಾರ ಅದು 20 ಮಿಲಿಮೀಟರ್ ಪಾದರಸಕ್ಕಿಂತ ಹೆಚ್ಚಿರಬೇಕು, ಮೊದಲು 25 ಇತ್ತು. ಅದನ್ನು ನೇರವಾಗಿ ಅಳೆಯುವುದು ಕ್ಯಾತಿಟರ್ ಮಾತ್ರ. ಹೃದಯದ ಎಡಭಾಗದ ದೋಷದಿಂದ ಒತ್ತಡ ಏರಿದೆಯೋ, ಶ್ವಾಸಕೋಶದ ಅಪಧಮನಿಗಳೇ ಕಿರಿದಾಗಿವೆಯೋ ಎಂಬುದೂ ಅದರಿಂದಲೇ ತಿಳಿಯುತ್ತದೆ. ಎರಡಕ್ಕೂ ಔಷಧ ಬೇರೆ.

ಕಾರ್ಡಿಯೋಲಿಪಿನ್ ಸ್ವಲ್ಪವೇ ಇದ್ದರೂ ಕಡೆಗಣಿಸಬೇಡಿ. 12 ವಾರಗಳ ನಂತರ ಅದನ್ನು ಮತ್ತೆ ಪರೀಕ್ಷಿಸಬೇಕು, ಲೂಪಸ್ ಆಂಟಿಕೋಆಗ್ಯುಲಂಟ್ ಮತ್ತು ಬೀಟಾ-2 ಗ್ಲೈಕೋಪ್ರೋಟೀನ್ ಪರೀಕ್ಷೆಗಳನ್ನೂ ಮಾಡಿಸಬೇಕು. ಈ ಗುಂಪಿನ ಪ್ರತಿಕಾಯಗಳು ರಕ್ತ ಹೆಪ್ಪುಗಟ್ಟಿಸುತ್ತವೆ; ಕರಗದೆ ಉಳಿದ ಹಳೆಯ ಹೆಪ್ಪುಗಳಿಂದಲೂ ಶ್ವಾಸಕೋಶದ ಒತ್ತಡ ಏರುತ್ತದೆ. ಅದನ್ನು ಹುಡುಕಲು ವಿ-ಕ್ಯು ಸ್ಕ್ಯಾನ್ (ಶ್ವಾಸಕೋಶದಲ್ಲಿ ಗಾಳಿ ಮತ್ತು ರಕ್ತ ಹರಿಯುವುದನ್ನು ತೋರಿಸುವ ಪರೀಕ್ಷೆ) ಇದೆ, ತೆಗೆಯಲು ಕೆಲವರಿಗೆ ಶಸ್ತ್ರಚಿಕಿತ್ಸೆಯೂ ಇದೆ. ಅಪಧಮನಿಗಳೇ ಕಿರಿದಾಗಿದ್ದರೆ ಸಿಲ್ಡೆನಾಫಿಲ್, ಬೊಸೆಂಟಾನ್‌ನಂಥ ಔಷಧಗಳಿವೆ. ಲೂಪಸ್‌ನಲ್ಲಿ ಸೈಕ್ಲೋಫಾಸ್ಫಮೈಡ್ ಮತ್ತು ಸ್ಟಿರಾಯ್ಡ್‌ನಿಂದಲೂ ಕೆಲವರ ಒತ್ತಡ ಇಳಿಯುತ್ತದೆ. ಚರ್ಮ ಬಿಗಿದು ಗಟ್ಟಿಯಾಗುವ ಸ್ಕ್ಲೀರೋಡರ್ಮಾ ರೋಗಿಗಳಿಗೆ ಆ ಅದೃಷ್ಟ ಅಪರೂಪ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು. ಶ್ವಾಸಕೋಶದ ಒತ್ತಡದ ಈ ಕಾಯಿಲೆ ಖಚಿತವಾದರೆ ಗರ್ಭ ಧರಿಸುವುದು ತಾಯಿಯ ಪ್ರಾಣಕ್ಕೇ ಅಪಾಯ, ಬೊಸೆಂಟಾನ್ ಭ್ರೂಣಕ್ಕೂ ಹಾನಿ ಮಾಡುತ್ತದೆ. ಕ್ಯಾತಿಟರ್ ಮುಗಿಯುವವರೆಗೆ ಮಗುವಿನ ಯೋಚನೆಯನ್ನು ಮುಂದಕ್ಕೆ ಹಾಕಲು ತಂಗಿಗೂ ಅಳಿಯಂದಿರಿಗೂ ತಿಳಿಸಿ ಹೇಳಿ.

ಉತ್ತರ 3 (ಹಾವೇರಿಯಿಂದ)

ಅಣ್ಣಾವರೇ, ನಾನೂ ಲೂಪಸ್ ರೋಗಿ. ನನಗೆ ಕ್ಯಾತಿಟರ್ ಮಾಡಿ 4 ವರ್ಷವಾಯಿತು. ಕುತ್ತಿಗೆಯ ಪಕ್ಕಕ್ಕೆ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ರಕ್ತನಾಳದ ಮೂಲಕ ತೆಳ್ಳನೆಯ ನಳಿಕೆ ತೂರಿಸಿದರು. ಎಚ್ಚರವಾಗಿಯೇ ಇದ್ದೆ, ಸಂಜೆಗೆ ಎದ್ದು ಕುಳಿತೆ. ಅದಕ್ಕೂ ಮೊದಲು ಒಂದಿಡೀ ವರ್ಷ ಅಸ್ತಮಾ ಎಂದು ಪಂಪ್ ಎಳೆದಿದ್ದೆ. ಆ ವರ್ಷದ ಬಗ್ಗೆ ಇಂದಿಗೂ ಸಿಟ್ಟಿದೆ, ನಳಿಕೆಯ ಬಗ್ಗೆ ಇಲ್ಲ.

ಪ್ರಶ್ನೆ ಕೇಳಿದವರ ಮರುಮಾತು

ತಂಗಿಯನ್ನು ಕೇಳಿದೆ. 3 ಚಳಿಗಾಲದಿಂದ ಬೆರಳು ಬೆಳ್ಳಗಾಗುತ್ತಿವೆಯಂತೆ. ಅತ್ತೆಯವರು ಕೆಲಸಗಳ್ಳಿ ಎಂದುಕೊಂಡಾರೆಂದು ಹೇಳಿರಲಿಲ್ಲವಂತೆ. ಬರುವ ಸೋಮವಾರ ಅವಳನ್ನೂ ಅಳಿಯನನ್ನೂ ಕರೆದುಕೊಂಡು ಹುಬ್ಬಳ್ಳಿಗೆ ಹೋಗುತ್ತಿದ್ದೇನೆ.