ಸಹಾಯ ಬೇಕು: ಸೂಪರ್‌ಚಾರ್ಜರ್ ಹಾಕಿದ ಎಸ್ಟೀಮ್‌ಗೆ ಬೇರೆ ಇಸಿಯು

ನಮಸ್ಕಾರ. ದಾವಣಗೆರೆಯಲ್ಲಿರುವ ನನ್ನ ಹಳೆಯ ಮಾರುತಿ ಎಸ್ಟೀಮ್ ಕಾರಿಗೆ ಈಟನ್ ಎಂ45 ಸೂಪರ್‌ಚಾರ್ಜರ್ (ಎಂಜಿನ್‌ಗೆ ಹೆಚ್ಚು ಗಾಳಿ ತುಂಬುವ ಸಾಧನ) ಕೂರಿಸಿದ್ದೇವೆ. ಬಿಎಂಡಬ್ಲ್ಯು ಕಾಲದ ಮೊದಲ ಮಿನಿ ಕೂಪರ್ ಎಸ್‌ನಲ್ಲಿ ಬರುತ್ತಿತ್ತಲ್ಲ, ಅದೇ. ಕಾರಿನ ಮೂಲ ಇಸಿಯುವಿಗೆ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಬೂಸ್ಟ್, ಅಂದರೆ ಹೀಗೆ ತುಂಬಿದ ಗಾಳಿಯ ಹೆಚ್ಚುವರಿ ಒತ್ತಡ, ಅರ್ಥವಾಗುವುದಿಲ್ಲ. ಅದರ ಒತ್ತಡದ ಸೆನ್ಸರ್ ವಾತಾವರಣದ ಒತ್ತಡದಾಚೆಗೆ ಓದುವುದೇ ಇಲ್ಲ. ಚಿತ್ರದುರ್ಗದ ಕಡೆ ಏರು ಸಿಕ್ಕಾಗ ಆಕ್ಸಿಲರೇಟರ್ ಒತ್ತಿದರೆ ಪೆಟ್ರೋಲ್ ಸಾಲದೆ ಎಂಜಿನ್ ಕಟಕಟ ಎನ್ನುತ್ತದೆ. ಪಿಸ್ಟನ್ ತೂತಾಗುವ ಮೊದಲೇ ಸ್ವತಂತ್ರ ಇಸಿಯು ಹಾಕಿಸಬೇಕು.

3 ಬಾರ್‌ವರೆಗೆ ಓದುವ ಒತ್ತಡದ ಸೆನ್ಸರ್, ವೈಡ್‌ಬ್ಯಾಂಡ್ (ಗಾಳಿ-ಪೆಟ್ರೋಲ್ ಪ್ರಮಾಣ ತಿಳಿಸುವ ಸೆನ್ಸರ್), ಪೆಟ್ರೋಲ್ ಚಿಮ್ಮಿಸುವ ದೊಡ್ಡ ಇಂಜೆಕ್ಟರ್‌ಗಳು ಸಿದ್ಧವಿವೆ. ತೊಡಕಿರುವುದು ಕ್ರ್ಯಾಂಕ್ ಸಿಗ್ನಲ್‌ನಲ್ಲಿ, ಅಂದರೆ ಎಂಜಿನ್ ಎಷ್ಟು ತಿರುಗಿದೆ ಎಂದು ಇಸಿಯುವಿಗೆ ತಿಳಿಸುವುದರಲ್ಲಿ. ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚುವ ಹಳೆಯ ಡಿಸ್ಟ್ರಿಬ್ಯೂಟರ್ ಉಳಿಸಿಕೊಳ್ಳಲೇ, ಅಥವಾ ಕ್ರ್ಯಾಂಕ್ ಪುಲ್ಲಿಗೆ 36-1 ಹಲ್ಲಿನ (36ರಲ್ಲಿ ಒಂದು ಹಲ್ಲು ಬಿಟ್ಟ) ಚಕ್ರ ಕೂರಿಸಿ, ಡಿಸ್ಟ್ರಿಬ್ಯೂಟರ್ ಬದಲು ಕಿಡಿ ಕೊಡುವ ಕಾಯಿಲ್‌ಪ್ಯಾಕ್ ಹಾಕಲೇ?

ಬರೀ ಪೆಟ್ಟಿಗೆ ಮಾರುವವರು ಬೇಡ. ಲ್ಯಾಪ್‌ಟಾಪ್ ಹಿಡಿದು ಪಕ್ಕದ ಸೀಟಿನಲ್ಲಿ ಕುಳಿತು ಟೈಮಿಂಗ್ (ಕಿಡಿ ಹೊತ್ತುವ ಸಮಯ) ಹೊಂದಿಸಿಕೊಡುವವರು ಹರಿಹರ, ಹುಬ್ಬಳ್ಳಿ ಕಡೆ ಇದ್ದರೆ ದಯವಿಟ್ಟು ತಿಳಿಸಿ.