ಸೇಡಂ ಮಾಮಾ ಹಾಕಿದ ಗ್ರಾಮರ್ ಪೋಸ್ಟರ್

ನಮ್ಮ ಮನೆತನದ ವಾಟ್ಸಾಪ್ ಗುಂಪಿನಲ್ಲಿ ನಡೆದ ಜಗಳ ಇದು. ಹೆಸರು ತೆಗೆದು ಸಂಬಂಧ ಮಾತ್ರ ಉಳಿಸಿದ್ದೇನೆ. ನಡುನಡುವೆ ಬಂದ ಗುಡ್ ಮಾರ್ನಿಂಗ್ ಹೂಗಳನ್ನೂ ತೆಗೆದಿದ್ದೇನೆ.

ಸೇಡಂ ಮಾಮಾ: (ಫಾರ್ವರ್ಡ್ ಆದ ಪೋಸ್ಟರ್) ‘ಇಂಗ್ಲಿಷ್ ಗ್ರಾಮರ್ ಒಂದೇ ನಿಮಿಷದಲ್ಲಿ! ವೆನ್, ವೇರ್, ವೈ, ಹೌ ಎಂದು ಕೇಳಿ. ಉತ್ತರ ಸಿಕ್ಕಿತೇ? ಅದೇ ಆಡ್ವರ್ಬ್. ಚಿಕ್ಕದಾದರೆ ಫ್ರೇಸ್, ಉದ್ದವಾದರೆ ಕ್ಲಾಜ್.’

ಸೇಡಂ ಮಾಮಾ: ಪರೀಕ್ಷೆ ಬರೆಯುವ ಹುಡುಗರು ಸೇವ್ ಮಾಡಿಕೊಳ್ಳಿ.

ತಮ್ಮ: ಥ್ಯಾಂಕ್ಸ್ ಮಾಮಾ. ಎಫ್‌ಡಿಎ ಜನರಲ್ ಇಂಗ್ಲಿಷ್ ಪೇಪರಿಗೆ ಇದೇ ಬೇಕಿತ್ತು.

ನಾನು: ಮಾಮಾ, ಬೇಜಾರು ಮಾಡಿಕೊಳ್ಳಬೇಡಿ. ಕೊನೆಯ ಸಾಲು ತಪ್ಪು. ‘ವೆನ್ ಇಟ್ ರೇನ್ಸ್’ ಮೂರೇ ಪದ. ಆದರೂ ಅದು ಕ್ಲಾಜ್. ‘ಇಟ್’ ಕರ್ತೃ, ‘ರೇನ್ಸ್’ ಕ್ರಿಯಾಪದ, ಎರಡೂ ಇವೆ. ‘ಇನ್ ದಿ ಸ್ಮಾಲ್ ಶಾಪ್ ಬಿಹೈಂಡ್ ದಿ ಸೂಪರ್ ಮಾರ್ಕೆಟ್’ ಇಷ್ಟುದ್ದ ಇದ್ದರೂ ಫ್ರೇಸ್. ಅಲ್ಲಿ ಯಾರೂ ಏನೂ ಮಾಡುತ್ತಿಲ್ಲ.

ಸೇಡಂ ಮಾಮಾ: ಎಷ್ಟೋ ಗುಂಪು ದಾಟಿ ಬಂದಿದೆ ಈ ಪೋಸ್ಟರ್. ಕಳಿಸಿದವರೆಲ್ಲ ದಡ್ಡರಾ?

ತಂಗಿ: ಬೆಳ್ಳುಳ್ಳಿ ತಿಂದರೆ ಶುಗರ್ ಪೂರ್ತಿ ಹೋಗುತ್ತದೆ ಅಂತ ಬಂದದ್ದೂ ಹಾಗೇ ದಾಟಿ ಬಂದಿತ್ತು ಮಾಮಾ 😄

ದೊಡ್ಡಪ್ಪ: ಪೋಸ್ಟರನ್ನು ಪೂರ್ತಿ ತೆಗೆದುಹಾಕಬೇಡಿ. ಪ್ರಶ್ನೆ ಕೇಳುವ ದಾರಿ ಸರಿಯಾದದ್ದೇ. ನಮಗೆ ಶಾಲೆಯಲ್ಲಿ ಕೋಷ್ಟಕ ಹಾಕಿಸಿ ಕ್ಲಾಜ್ ಅನಾಲಿಸಿಸ್ ಮಾಡಿಸುತ್ತಿದ್ದರು. ‘ದಿ ಬಹಮನಿ ಕಿಂಗ್ಸ್ ರೂಲ್ಡ್ ಫ್ರಮ್ ಗುಲ್ಬರ್ಗಾ ಬಿಫೋರ್ ದೇ ಮೂವ್ಡ್ ಟು ಬೀದರ್.’ ಎಲ್ಲಿಂದ ಆಳಿದರು? ‘ಫ್ರಮ್ ಗುಲ್ಬರ್ಗಾ’, ಫ್ರೇಸ್. ಯಾವಾಗ? ‘ಬಿಫೋರ್’ನಿಂದ ಕೊನೆವರೆಗೆ, ಕ್ಲಾಜ್. ಅದರೊಳಗೆ ‘ದೇ ಮೂವ್ಡ್’ ಇದೆ ನೋಡಿ.

ಬೀದರ ಅತ್ತಿ: ಕೊನೆಗೆ ರಾಜರೂ ಬೀದರಿಗೇ ಬಂದರು ಅಲ್ವಾ. ಬುದ್ಧಿವಂತರು.

ತಮ್ಮ: ಅಕ್ಕ, ಒಂದು ಡೌಟ್. ಮಾಕ್ ಟೆಸ್ಟ್‌ನಲ್ಲಿ ‘ಐ ನೋ ವೇರ್ ಹಿ ಲಿವ್ಸ್’ ಕೊಟ್ಟಿದ್ದರು. ‘ವೇರ್’ ಇದೆ ಅಂತ ಆಡ್ವರ್ಬ್ ಕ್ಲಾಜ್ ಟಿಕ್ ಮಾಡಿದೆ. ಕೀ ಉತ್ತರದಲ್ಲಿ ನೌನ್ ಕ್ಲಾಜ್ ಅಂತಿದೆ.

ಸೇಡಂ ಮಾಮಾ: ಕೀ ಉತ್ತರವೇ ತಪ್ಪು. ಆಕ್ಷೇಪಣೆ ಹಾಕು.

ನಾನು: ಸುಮ್ನೆ ಆಕ್ಷೇಪಣೆ ಹಾಕಬೇಡ, ಕೀ ಸರಿ ಇದೆ. ಪೋಸ್ಟರ್ ಹೇಳದೆ ಬಿಟ್ಟದ್ದು ಇದೇ. ಪ್ರಶ್ನೆಯನ್ನು ಮುಖ್ಯ ಕ್ರಿಯಾಪದಕ್ಕೆ ಕೇಳಬೇಕು. ಕ್ಲಾಜ್ ಯಾವ ಪದದಿಂದ ಶುರುವಾಗಿದೆ ಅಂತ ನೋಡಿ ಟಿಕ್ ಮಾಡಿದರೆ ಮಾರ್ಕ್ಸ್ ಹೋಗುತ್ತದೆ. ‘ಐ ನೋ’ ಅಂದಾಗ ನಾವು ಕೇಳುವುದು ‘ಏನು ಗೊತ್ತು?’ ಅಂತ. ‘ಎಲ್ಲಿ ಗೊತ್ತು?’ ಅಂತ ಯಾರೂ ಕೇಳುವುದಿಲ್ಲ. ಏನು ಅನ್ನುವುದಕ್ಕೆ ಉತ್ತರ ಬಂದರೆ ಅದು ನೌನ್ ಕ್ಲಾಜ್. ‘ದಿಸ್ ಈಸ್ ದಿ ಹೌಸ್ ವೇರ್ ಹಿ ಲಿವ್ಸ್’ ತಗೋ. ‘ಯಾವ ಮನೆ?’ ಅನ್ನುವುದಕ್ಕೆ ಉತ್ತರ ಅದು. ಹಾಗಾಗಿ ಅಡ್ಜೆಕ್ಟಿವ್ ಕ್ಲಾಜ್. ಇನ್ನು ‘ಸ್ಟೇ ವೇರ್ ಯು ಆರ್’. ಎಲ್ಲಿ ಇರಬೇಕು? ಈಗ ಎಲ್ಲಿದ್ದೀಯೋ ಅಲ್ಲೇ. ಆಡ್ವರ್ಬ್ ಕ್ಲಾಜ್ ಅಂದರೆ ಇದು. ಮೂರರಲ್ಲೂ ‘ವೇರ್’ ಇದೆ, ಮಾಡುವ ಕೆಲಸ ಬೇರೆ ಬೇರೆ.

ಸೇಡಂ ಮಾಮಾ: ವೇರ್ ಅಂದರೆ ಜಾಗ. ಜಾಗ ಅಂದರೆ ಆಡ್ವರ್ಬ್. ಇದರಲ್ಲಿ ಇಷ್ಟು ತಲೆ ಯಾಕೆ?

ನಾನು: ಮಾಮಾ, ತಲೆ ಓಡಿಸದಿದ್ದರೆ ವಾಕ್ಯವೇ ತಪ್ಪಾಗುತ್ತದೆ. ‘ವೆನ್’ ನೋಡಿ. ‘ಐ ಡೋಂಟ್ ನೋ ವೆನ್ ದಿ ಬಸ್ ವಿಲ್ ಕಮ್.’ ಇದು ನೌನ್ ಕ್ಲಾಜ್, ‘ವಿಲ್’ ಹಾಕಿದ್ದು ಸರಿ. ‘ಐ ವಿಲ್ ಕಾಲ್ ಯು ವೆನ್ ದಿ ಬಸ್ ಕಮ್ಸ್.’ ಇದು ಆಡ್ವರ್ಬ್ ಕ್ಲಾಜ್. ಬಸ್ ಇನ್ನು ಮುಂದೆ ಬರುವುದಾದರೂ ಅಲ್ಲಿ ‘ವಿಲ್ ಕಮ್’ ಹಾಕುವಂತಿಲ್ಲ. ತಪ್ಪು ಹುಡುಕಿ ಅಂತ ಕೊಡುವಾಗ ಇಂಥದ್ದನ್ನೇ ಕೊಡುತ್ತಾರೆ. ನಾನು ತಿದ್ದುವ ಪತ್ರಿಕೆಗಳಲ್ಲೂ ಈ ‘ವಿಲ್’ ಜಾಸ್ತಿ.

ತಮ್ಮ: ಓಹ್. ಇದನ್ನು ಬೇರೆ ಗ್ರಾಮರ್ ಪಾಯಿಂಟ್ ಅಂತ ಬಾಯಿಪಾಠ ಮಾಡಿದ್ದೆ.

ತಂಗಿ: ಹಾಗಾದರೆ ನನ್ನದೊಂದು. ‘ದೋ ದಿ ಸನ್ ವಾಸ್ ಹಾಟ್, ವಿ ವಾಕ್ಡ್ ಟು ದಿ ಫೋರ್ಟ್.’ ‘ದೋ’ ಕ್ಲಾಜ್ ಯಾವ ಪ್ರಶ್ನೆಗೆ ಉತ್ತರ? ಯಾವಾಗ? ಅಲ್ಲ. ಎಲ್ಲಿ? ಅಲ್ಲ. ಯಾಕೆ ನಡೆದರು? ಬಿಸಿಲಿದೆ ಅಂತ ಕಲಬುರಗಿಯಲ್ಲಿ ಯಾರಾದರೂ ನಡೆಯುತ್ತಾರಾ?

ದೊಡ್ಡಪ್ಪ: ಈ ಹುಡುಗಿ ಸರಿಯಾದ ಕಡೆ ಕೈ ಹಾಕಿದಳು.

ನಾನು: ಹೌದು, ಆ ನಾಲ್ಕು ಪ್ರಶ್ನೆಯ ಬಲೆಗೆ ಇದು ಬೀಳುವುದಿಲ್ಲ. ‘ಏನು ಅಡ್ಡ ಇದ್ದರೂ?’ ಅಂತ ಕೇಳಬೇಕು. ‘ಇಫ್’ಗೆ ‘ಯಾವ ಷರತ್ತಿನ ಮೇಲೆ?’ ಅಂತ. ‘ಶಿ ರನ್ಸ್ ಫಾಸ್ಟರ್ ದ್ಯಾನ್ ಐ ಡು’ ಅಂದರೆ ‘ಯಾರಿಗಿಂತ?’ ಅಂತ ಕೇಳಬೇಕು. ಇವೆಲ್ಲ ಆಡ್ವರ್ಬ್ ಕ್ಲಾಜ್‌ಗಳೇ. ಪೋಸ್ಟರಿನವರು ಜಾಗ ಸಾಲದೆ ಬಿಟ್ಟರೋ ಏನೋ.

ದೊಡ್ಡಪ್ಪ: ಈಗ ನನ್ನ ಪ್ರಶ್ನೆ. ‘ಸಿನ್ಸ್ ದಿ ನೇಮ್ ವಾಸ್ ಚೇಂಜ್ಡ್, ವಿ ಹ್ಯಾವ್ ರಿಟನ್ ಕಲಬುರಗಿ ಆನ್ ಅವರ್ ಲೆಟರ್ಸ್.’ ಯಾವಾಗಿನಿಂದಲೋ, ಯಾಕೋ?

ಸೇಡಂ ಮಾಮಾ: ಯಾವಾಗಿನಿಂದ. ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಅವತ್ತಿನಿಂದ ಬರೆಯುತ್ತಿದ್ದೇವೆ.

ತಮ್ಮ: ಯಾಕೆ ಅನ್ನುವುದಕ್ಕೇ ಉತ್ತರ. ಹೆಸರು ಬದಲಾಯಿತು, ಅದಕ್ಕೇ ಹಾಗೆ ಬರೆಯುತ್ತೇವೆ.

ಬೀದರ ಅತ್ತಿ: ನಾನು ಇನ್ನೂ ಗುಲಬರ್ಗಾ ಅಂತಲೇ ಬರೆಯುತ್ತೇನೆ.

ನಾನು: ಎರಡೂ ಸರಿ, ದೊಡ್ಡಪ್ಪ ಬೇಕಂತಲೇ ಇಟ್ಟ ಗುಂಡಿ ಇದು. ಆ ವಾಕ್ಯವನ್ನು ಎರಡೂ ರೀತಿ ಓದಬಹುದು, ಮುಂದಿನ ಹಿಂದಿನ ಮಾತು ನೋಡಿ ತೀರ್ಮಾನ ಮಾಡಬೇಕು. ಕಾರಣವನ್ನೇ ಹೇಳಬೇಕಿದ್ದರೆ ‘ಬಿಕಾಸ್’ ಬರೆದುಬಿಡಿ, ಗೊಂದಲ ಇಲ್ಲ. ಬರೀ ‘ಸಿನ್ಸ್ 2014’ ಅಂದರೆ ಕಾಲ ಮಾತ್ರ. ಅಲ್ಲಿ ಕ್ರಿಯಾಪದವೂ ಇಲ್ಲ, ಹಾಗಾಗಿ ಫ್ರೇಸ್.

ಸೇಡಂ ಮಾಮಾ: ಪೋಸ್ಟರ್ ಡಿಲೀಟ್ ಮಾಡುವುದಿಲ್ಲ. ಉದ್ದ ಗಿಡ್ಡದ ಸಾಲು ಬಿಟ್ಟು ಓದಿ.

ತಂಗಿ: ಒಪ್ಪಿಕೊಂಡರು!

ಸೇಡಂ ಮಾಮಾ: ಒಪ್ಪಿಲ್ಲ. ಬಿಟ್ಟು ಓದಿ ಅಂದೆ.

ತಮ್ಮ: ಕೊನೆಯದೊಂದು ಅಕ್ಕ. ‘ಹಿ ವೆಂಟ್ ಟು ಬೀದರ್ ಟು ಸೀ ದಿ ಫೋರ್ಟ್.’ ಎರಡನೇ ‘ಟು’ ನಂತರ ‘ಸೀ’ ಅಂತ ಕ್ರಿಯಾಪದ ಬಂತಲ್ಲ. ಕ್ಲಾಜ್ ಅಲ್ವಾ?

ನಾನು: ಶಾಲೆ ಗ್ರಾಮರ್ ಪ್ರಕಾರ ಅಲ್ಲ. ಆ ‘ಸೀ’ಗೆ ತನ್ನದೇ ಕರ್ತೃ ಇಲ್ಲ, ಕಾಲವೂ ಇಲ್ಲ. ‘ಹಿ’ ಬದಲು ‘ದೇ’ ಹಾಕು, ‘ವೆಂಟ್’ ಬದಲು ‘ವಿಲ್ ಗೋ’ ಹಾಕು, ‘ಟು ಸೀ’ ಹಾಗೇ ಇರುತ್ತದೆ. ಹಾಗಾಗಿ ಎರಡೂ ಫ್ರೇಸ್. ‘ಟು ಬೀದರ್’ ಎಲ್ಲಿಗೆ, ‘ಟು ಸೀ ದಿ ಫೋರ್ಟ್’ ಯಾತಕ್ಕೆ. ಅದನ್ನೇ ‘ಸೋ ದ್ಯಾಟ್ ಹಿ ಕುಡ್ ಸೀ ದಿ ಫೋರ್ಟ್’ ಅಂತ ಬರೆದರೆ ಕ್ಲಾಜ್.

ಬೀದರ ಅತ್ತಿ: ಕೋಟೆ ನೋಡಲು ಯಾರು ಬರುತ್ತಿದ್ದೀರಿ? ಮೊದಲೇ ಹೇಳಿ, ಅಡುಗೆ ಮಾಡಬೇಕು.